ಗಿರಣಿ ಅಕ್ಕನ ಥಂಡಿ ಉಕ್ಕು

ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ ಬೆಟಗೇರಿಯ ಒಂದು ಹೊಸ ವರ್ಕ್‌ಶಾಪು. ಹಾಜರಿದ್ದವರು ವರ್ಕ್‌ಶಾಪಿನ ಮಾಲೀಕ, ಅವನ ಹೆಂಡತಿ ಮತ್ತು ನಾನು. ಮಾಲೀಕ ಹಿಂದೆ ಗದಗಿನ ತರಬೇತಿ ಕೇಂದ್ರದಲ್ಲಿ ನನ್ನ ಕೈಕೆಳಗೆ ಫಿಟ್ಟರ್ ಕೆಲಸ ಕಲಿತವನು. ಈಗ ಅವನ ಮೀಸೆಯೇ ನೆರೆತಿದೆ. ಎಂಜಿನ್ನಿನ ಬಿಡಿಭಾಗಗಳನ್ನು ಅತಿಶೀತದಲ್ಲಿಟ್ಟು ಬಾಳಿಕೆ ಹೆಚ್ಚಿಸುವ ಯಂತ್ರ ತರಿಸಿದ್ದ. "ಚಾಲೂ ಮಾಡೋ ದಿವಸ ನೀವ ಮುಂದ ನಿಂದರಬೇಕ್ರಿ ಸರ್" ಎಂದು ಫೋನು ಮಾಡಿದ್ದ. ಅವನು ಹೇಳಿದ ಹೊತ್ತಿಗಿಂತ ಮೊದಲೇ ನಾನು ಹೋಗಿ ನಿಂತಿದ್ದೆ.

ನನಗೆ ತೋರಿಸಲೆಂದೇ ಅವನು ಗುಜರಿಯ ಒಂದು ಕ್ಯಾಮನ್ನು ಒಳಗಿಟ್ಟಿದ್ದ. ಕ್ಯಾಮ್ ಎಂದರೆ ಮೊಟ್ಟೆಯ ಆಕಾರದ ಉಕ್ಕಿನ ತುಂಡು. ತಿರುಗುತ್ತ ತಿರುಗುತ್ತ ತನ್ನ ಉಬ್ಬಿನಿಂದ ಎಂಜಿನ್ನಿನ ವಾಲ್ವನ್ನು ಎತ್ತಿ ಇಳಿಸುವುದು ಅದರ ಕೆಲಸ. ಅವನು ಮುಚ್ಚಳ ತೆರೆದ. ಬಿಳಿಯ ಹೊಗೆ ಅಂಚಿನಿಂದ ಇಳಿದು ನೆಲದ ಮೇಲೆ ಹರಿಯಿತು. ಇಕ್ಕಳದಲ್ಲಿ ಹಿಡಿದು ಕ್ಯಾಮನ್ನು ಮೇಲೆತ್ತಿದಾಗ ಅದರ ಮೇಲೆ ನೋಡನೋಡುತ್ತಿದ್ದಂತೆ ಬಿಳಿಯ ಮಂಜು ಬೆಳೆಯಿತು, ಹಿಟ್ಟು ಉದುರಿಸಿದ ಹಾಗೆ. ಅಷ್ಟರಲ್ಲಿ ಅವನ ಹೆಂಡತಿ ತಂಬಿಗೆ ಎತ್ತಿಕೊಂಡು, "ಮೊದಲನೇದೈತಲ್ರಿ ಸರ್, ಒಂಚೂರ ನೀರ ಹಾಕಿ ಕುಂಕುಮ ಹಚ್ಚಲೇನ್ರಿ?" ಎಂದು ಮುಂದೆ ಬಂದಳು.

"ಬ್ಯಾಡ!" ಎಂದು ನಾನು ಕೂಗಿದೆ. ಗಂಡ ಹೆಂಡತಿ ಇಬ್ಬರೂ ಬೆಚ್ಚಿ ನಿಂತರು. ನಾನು ದನಿ ಎತ್ತಿದ್ದನ್ನು ಅವನು ತರಬೇತಿಯ ದಿನಗಳಲ್ಲೂ ಕಂಡಿರಲಿಲ್ಲ. ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದೆ, ಚಹಾ ಕುಡಿದೆ. ಆದರೆ ಮನಸ್ಸು ಆ ಹೊತ್ತಿಗಾಗಲೇ ಲಕ್ಷ್ಮೇಶ್ವರಕ್ಕೆ ಹೋಗಿಬಿಟ್ಟಿತ್ತು. ಅಂಥದೇ ಮಂಜು ಹಿಡಿದ ಉಕ್ಕಿನ ಎದುರು, ಅಂಥದೇ ತಂಬಿಗೆ ಹಿಡಿದು ನಿಂತಿದ್ದ ಗಿರಣಿ ಅಕ್ಕ...

ಆಗ ನಾನು ಲಕ್ಷ್ಮೇಶ್ವರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ದಿನವೂ ಬೆಳಗಿನ ಮೊದಲ ಬಸ್ಸಿಗೆ ಗದಗಿಗೆ ಹೋಗಿ ಸಂಜೆಗೆ ಮರಳುತ್ತಿದ್ದೆ. ಮನೆಯ ಎದುರಿಗೇ ಅಕ್ಕನ ಗಿರಣಿ. ಒಂದು ಬದಿಗೆ ಜೋಳ, ಗೋದಿ ಬೀಸುವ ಕಲ್ಲು. ಇನ್ನೊಂದು ಬದಿಗೆ ಖಾರ ಕುಟ್ಟುವ ಮಶೀನು. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಒಣಮೆಣಸಿನಕಾಯಿ ಚೀಲ ಹೊತ್ತು ಬರುತ್ತಿದ್ದರು. ವರ್ಷಕ್ಕಾಗುವಷ್ಟು ಖಾರಪುಡಿ ಆಗಲೇ ಕುಟ್ಟಿಸಿ ಇಟ್ಟುಕೊಳ್ಳಬೇಕು. ಆ ದಿನಗಳಲ್ಲಿ ನಮ್ಮ ಓಣಿಯ ಪ್ರತಿ ಮನೆಯವರೂ ಸೀನುತ್ತಿದ್ದರು, ಅಕ್ಕನೊಬ್ಬರನ್ನು ಬಿಟ್ಟು. "ಖಾರ ಅಂಜಬೇಕ ನನಗ" ಎನ್ನುತ್ತಿದ್ದರು.

ಗಂಡ ತೀರಿದ ಮೇಲೆ ಗಿರಣಿ ಅವರ ಕೈಗೆ ಬಂದಿತ್ತು. ಎತ್ತರದ ಆಳು, ದೊಡ್ಡ ದನಿ. ನಾಳೆ ಮಾಡೋಣ ಎಂಬ ಮಾತು ಅವರಿಗೆ ಆಗುತ್ತಲೇ ಇರಲಿಲ್ಲ. ನಾನೋ ಗಂಟೆ ಬಾರಿಸಿದಾಗ ಏಳುವ, ಗಂಟೆ ಬಾರಿಸಿದಾಗ ಉಣ್ಣುವ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ನನ್ನನ್ನು ಕಂಡರೆ ಅವರಿಗೆ ನಗು. "ಮಾಸ್ತರ ಮನೀ ಕದಾ ತಗದ್ರು, ಗಡಿಯಾರ ಸರಿ ಮಾಡ್ಕೊಳ್ರಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಗಿರಣಿಯನ್ನು ಓಡಿಸುತ್ತಿದ್ದದ್ದು ಅವರ ಮಾವನ ಕಾಲದ ಡೀಸೆಲ್ ಎಂಜಿನು. ಕರ್ರಗಿನ, ಒಂದೇ ಸಿಲಿಂಡರಿನ, ಅಕ್ಕನ ಹೆಗಲಿನ ಮಟ್ಟಕ್ಕೆ ಬರುವ ಚಕ್ರವಿದ್ದ ಯಂತ್ರ. ಬೇಸಿಗೆಯಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲವಾದ್ದರಿಂದ ಅದನ್ನು ಬಿಡುವ ಹಾಗೂ ಇರಲಿಲ್ಲ. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಬೇರೆಲ್ಲ ಗಟ್ಟಿ ಇತ್ತು, ಸವೆಯುತ್ತಿದ್ದದ್ದು ಒಂದೇ, ಅದರ ಕ್ಯಾಮು. ಹೊಸದನ್ನು ಇಲ್ಲೇ ಮಾಡಿಸಬೇಕು. ಇಲ್ಲಿ ಮಾಡಿಸಿದ್ದು ಸುಗ್ಗಿಯ ನಡುವೆಯೇ ಉಬ್ಬು ಸವೆದು ಚಪ್ಪಟೆಯಾಗುತ್ತಿತ್ತು. ವಾಲ್ವು ಪೂರ್ತಿ ತೆರೆಯುತ್ತಿರಲಿಲ್ಲ. ಎಂಜಿನು ಕೆಮ್ಮಿ, ಕರಿ ಹೊಗೆ ಉಗುಳಿ ನಿಂತುಬಿಡುತ್ತಿತ್ತು.

ನಾನು ಹೇಳುತ್ತಿರುವ ವರ್ಷದ ಹಿಂದಿನ ಸುಗ್ಗಿಯಲ್ಲಿ ಹಾಗೆ ಮತ್ತೆ ಮತ್ತೆ ನಿಂತಿತ್ತು. ಅಕ್ಕನ ಮೈದುನ ಮುಂಡರಗಿಯಲ್ಲಿ ವ್ಯಾಪಾರಸ್ಥ. ಗಿರಣಿ ಮುಚ್ಚಿ ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟಿಸಬೇಕೆಂದು ಅವರ ಹಟ. ಕೆಟ್ಟ ಮನುಷ್ಯರೇನಲ್ಲ, ಅತ್ತಿಗೆ ಆ ಎಂಜಿನ್ನಿನ ಜತೆ ಗುದ್ದಾಡುವುದನ್ನು ನೋಡಿ ಬೇಸತ್ತಿದ್ದರು. ಸಂಕ್ರಾಂತಿಗೆ ಬಂದವರು ನನ್ನೆದುರಿಗೇ ಮಾತು ತೆಗೆದರು.

"ವೈನಿ, ಇದ ಕಡೀ ಸಲ. ಈ ಸುಗ್ಗಿಯೊಳಗ ಎಂಜಿನ್ ನಿಂತ್ರ ಗಿರಣಿ ಬಂದ್ ಮಾಡೂಣು."

ಅಕ್ಕ ಹಿಂದೆ ಮುಂದೆ ನೋಡಲಿಲ್ಲ. "ಆತು. ನಿಂತ್ರ ಬಂದ್. ಮಾಸ್ತರು ಕೇಳ್ಯಾರ, ಸಾಕ್ಷಿ" ಎಂದುಬಿಟ್ಟರು.

ಮೈದುನರು ಹೋದ ಮೇಲೆ ಅಕ್ಕ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಏನಾದರೂ ಮಾತಾಡಬೇಕೆಂದು, ಬೆಂಗಳೂರಿಗೆ ತರಬೇತಿಗೆ ಹೋದಾಗ ಕಂಡ ಒಂದು ಸಂಗತಿ ಹೇಳಿದೆ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ, ಅದು ಕಮ್ಮಾರರಿಗೂ ಗೊತ್ತು. ಆದರೆ ಒಳಗೆಲ್ಲೋ ಒಂದಿಷ್ಟು ಪಾಲು ಮೆತ್ತಗೇ ಉಳಿದುಬಿಡುತ್ತದೆ. ಆ ತುಂಡನ್ನು ಅತಿಶೀತಕ್ಕೆ ಇಳಿಸಿದರೆ ಉಳಿದ ಪಾಲೂ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಅಲ್ಲಿ ದ್ರವ ನೈಟ್ರೋಜನ್ನಿನಲ್ಲಿ ಹಾಗೆ ಮಾಡುತ್ತಿದ್ದರು. ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ಚಳಿ.

"ಅಷ್ಟ ಥಂಡಿ ಎಲ್ಲಿ ಸಿಗತೈತ್ರಿ ಮಾಸ್ತರ?"

"ನಮ್ಮ ಕಡೆ ಎಲ್ಲಿಯೂ ಸಿಗಲಿಕ್ಕಿಲ್ಲ" ಎಂದೆ. ಮಾತು ಅಲ್ಲಿಗೆ ನಿಂತಿತ್ತು.

ಒಂದು ಭಾನುವಾರ ಮುಂಜಾನೆ ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಅಕ್ಕ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇಟ್ಟುಕೊಂಡು ರಸ್ತೆ ದಾಟಿ ಓಡಿ ಬಂದರು. "ಮಾಸ್ತರ, ಜಲ್ದಿ ಬರ್ರಿ! ಥಂಡಿ ಸಿಕ್ಕೇತಿ! ನಮ್ಮ ಎಮ್ಮಿ ಕಡೆ ಬಂದೈತಿ!"

ಏನೆಂದು ತಿಳಿಯದೆ ಇಸ್ತ್ರಿ ಬದಿಗಿಟ್ಟು ಹೋದೆ. ಹಿತ್ತಲಲ್ಲಿ ಎಮ್ಮೆಯ ಪಕ್ಕ ಶಿರಹಟ್ಟಿಯ ದನದ ಡಾಕ್ಟರರು ನಿಂತಿದ್ದರು. ಖಾಸಗಿಯಾಗಿ ಊರೂರು ತಿರುಗುವವರು. ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡಿಸಲು ಅಕ್ಕನೇ ಕರೆಸಿದ್ದರು. ಅವರ ಬೈಕಿಗೆ ಕಟ್ಟಿದ್ದ ದುಂಡನೆಯ ಅಲ್ಯೂಮಿನಿಯಂ ಕ್ಯಾನಿನ ಬಾಯಿಂದ ಬಿಳಿಯ ಹೊಗೆ ಇಳಿಯುತ್ತಿತ್ತು.

"ಬೆಂಕಿ ಹತ್ತೈತೇನ್ರಿ ಅಂತ ಕೇಳಿದ್ರ, ಅಲ್ಲಬೇ ಇದು ಥಂಡಿ, ನೈಟ್ರೋಜನ್ನು ಅಂದ್ರು!" ಅಕ್ಕನ ಕಣ್ಣು ಹೊಳೆಯುತ್ತಿದ್ದವು. "ಅದ ಹೌದಿಲ್ಲೋ, ನೀವು ಹೇಳಿದ್ದು?"

ಅದೇ ಆಗಿತ್ತು. ಹೋರಿ, ಕೋಣಗಳ ವೀರ್ಯ ಕೆಡದಂತೆ ಇಡಲು ನಮ್ಮ ಹಳ್ಳಿಹಳ್ಳಿಗಳಲ್ಲಿ ಸುತ್ತುತ್ತಿದ್ದ ಆ ಕ್ಯಾನು ನನಗೆ ಅಷ್ಟು ದಿನ ಹೊಳೆದೇ ಇರಲಿಲ್ಲ. ಡಾಕ್ಟರರಿಗೆ ವಿಷಯ ತಿಳಿಸಿದಾಗ ಅವರು ಮೊದಲು ನಕ್ಕರು. "ಯಕ್ಕಾ, ಎಂಜಿನ್ನಿಗೂ ಗಬ್ಬ ಕಟ್ಟಸಾಕ ಹೊಂಟೀಯೇನು?" ಆಮೇಲೆ ಅವರಿಗೂ ಹುಚ್ಚು ಹಿಡಿಯಿತು. ತಮ್ಮ ಸರಕಿನ ಕ್ಯಾನಿಗೆ ಕಬ್ಬಿಣ ಇಳಿಸಲು ಕೊಡುವುದಿಲ್ಲ, ಬೇರೊಂದು ಕ್ಯಾನು ತುಂಬಿಸಿ ತರುತ್ತೇನೆ ಎಂದರು. ಅದು ಸರಿಯಾದ ಮಾತು.

ಗದಗಿನಲ್ಲಿ ಲೇತಿನವರ ಹತ್ತಿರ ನಿಂತು ಎರಡು ಕ್ಯಾಮು ಮಾಡಿಸಿದೆ, ಒಂದು ಹಾಕಲಿಕ್ಕೆ, ಒಂದು ಆಪತ್ತಿಗೆ. ಅಲ್ಲೇ ಕಾಯಿಸಿ ಎಣ್ಣೆಗೆ ಅದ್ದಿ, ಒರೆಸಿ, ಸಂಜೆಯ ಬಸ್ಸಿಗೆ ತಂದೆ. ಅಕ್ಕ ಹಾಲಿನ ಕ್ಯಾನೊಂದನ್ನು ದೊಡ್ಡ ಬುಟ್ಟಿಯಲ್ಲಿಟ್ಟು ಸುತ್ತಲೂ ಹತ್ತಿ ಒತ್ತಿ ತುಂಬಿದ್ದರು. ಗಾಳಿಯಾಡಲೆಂದು ಹಿತ್ತಲ ಅಂಗಳದಲ್ಲೇ ಇಟ್ಟೆವು. ಡಾಕ್ಟರರು ತೊಗಲಿನ ಕೈಗವಸು ಹಾಕಿಕೊಂಡು ನೈಟ್ರೋಜನ್ ಸುರುವಿದರು. ಅದು ಕಾದ ಹಂಚಿನ ಮೇಲೆ ನೀರು ಬಿದ್ದಂತೆ ಕುಣಿಯಿತು.

"ಮುಚ್ಚಳ ಬಿಗೀಬ್ಯಾಡ್ರಿ, ಸಿಡೀತೈತಿ" ಎಂದರು ಡಾಕ್ಟರರು.

"ಇಳಸ್ರಿ ಇಳಸ್ರಿ" ಎಂದು ಅಕ್ಕ.

ನಾನು ಬಿಡಲಿಲ್ಲ. ಒಮ್ಮೆಲೇ ಮುಳುಗಿಸಿದರೆ ಉಕ್ಕಿಗೆ ಧಕ್ಕೆ. ತಾಮ್ರದ ತಂತಿಯಲ್ಲಿ ಒಂದು ಕ್ಯಾಮು ಕಟ್ಟಿ, ಮೊದಲು ಬಾಯಿಯ ಹತ್ತಿರದ ಹೊಗೆಯಲ್ಲಿ ತೂಗಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಬೆರಳು ಕೆಳಗೆ. ಮತ್ತೆ ಸ್ವಲ್ಪ ಹೊತ್ತು, ಮತ್ತೊಂದು ಬೆರಳು. ಅಕ್ಕ ಅಂಗಳದ ತುಂಬ ತಿರುಗಾಡಿದರು, ಕೂತರು, ಎದ್ದರು. "ಬಾವ್ಯಾಗ ಕೊಡಾ ಇಷ್ಟ ಸಾವಕಾಶ ಇಳಿಸಿದ್ರ ನೀರಡಿಸಿ ಸಾಯಬೇಕಾಗತೈತಿ" ಎಂದರು. ಡಾಕ್ಟರರು ನಕ್ಕು ನಕ್ಕು ಕೆಮ್ಮಿದರು. ಅಂತೂ ಸಂಜೆಗೆ ಕ್ಯಾಮು ದ್ರವದೊಳಗೆ ಮುಳುಗಿತು. ಮರುದಿನದವರೆಗೆ ಹಾಗೇ ಬಿಟ್ಟೆವು.

ಮರುದಿನ ನಾನು ತಂತಿ ಹಿಡಿದು ಅದನ್ನು ಮೇಲೆತ್ತಿದೆ. ಅಲ್ಲಿಯೇ, ಕ್ಯಾನಿನೊಳಗಿನ ಹೊಗೆಯಲ್ಲೇ ಇನ್ನೊಂದು ದಿನ ತಾನಾಗಿ ಬೆಚ್ಚಗಾಗಲು ಬಿಡಬೇಕು. ಒಂದು ಕ್ಷಣ ನೋಡಿ ಮತ್ತೆ ಇಳಿಸುವುದೆಂದು ನನ್ನ ಲೆಕ್ಕ. ಮಂಜು ಅದರ ಮೇಲೆ ಬೆಳೆಯತೊಡಗಿತು. ಆಹಾ, ಏನು ಚೆಂದ! ಡಾಕ್ಟರರೂ ನಾನೂ ಬಾಯಿ ತೆರೆದು ನೋಡುತ್ತ ಇಳಿಸುವುದನ್ನೇ ಮರೆತೆವು. ಆಗ ಅಕ್ಕ ಒಳಗೆ ಹೋಗಿ ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ. ನಮ್ಮ ಕಡೆ ಹೊಸ ಎತ್ತು ಬರಲಿ, ಗಾಡಿ ಬರಲಿ, ಸೊಸೆ ಬರಲಿ, ಕಾಲಿಗೆ ನೀರು ಹಾಕಿಯೇ ಒಳಗೆ ಕರೆದುಕೊಳ್ಳುವುದು. ಅಕ್ಕ ಒಲೆಯ ಮೇಲಿನ ಬಿಸಿನೀರನ್ನು ತಂಬಿಗೆಯಲ್ಲಿ ತಂದು, ಭಕ್ತಿಯಿಂದ, ಕ್ಯಾಮಿನ ಮೇಲೆ ಸುರಿದುಬಿಟ್ಟರು.

ಬಳೆ ಒಡೆದಂಥ ಸಣ್ಣ ಸಪ್ಪಳ. ಉಬ್ಬಿನಿಂದ ನಡುವಿನ ತೂತಿನವರೆಗೆ ಕೂದಲೆಳೆಯಂಥ ಬಿರುಕು.

ಆ ಹೊತ್ತಿನಲ್ಲಿ ಉಕ್ಕು ಗಾಜಿನಷ್ಟೇ ಸೂಕ್ಷ್ಮವಾಗಿರುತ್ತದೆ. ನನಗೆ ಬಂದ ಸಿಟ್ಟನ್ನು ಹಲ್ಲು ಕಚ್ಚಿ ನುಂಗಿದೆ. ಅಕ್ಕ ತಂಬಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದರು. "ಅಷ್ಟ ಥಂಡ್ಯಾಗಿಂದ ಬಂದೈತಿ ಪಾಪ, ತಣ್ಣೀರ ಹೆಂಗ ಹಾಕಲಿ ಅಂತ ಬಿಸಿನೀರ ತಂದೆ..." ಎಂದರು. ಗಿರಣಿ ಹೋಯಿತು ಎಂದೇ ಅವರು ತಿಳಿದಿದ್ದರು. ಮೈದುನರು ಆ ವಾರದ ಸಂತೆಗೆ ಬರುವವರಿದ್ದರು, ಅಂದೇ ಖಾರದ ಸುಗ್ಗಿ ಶುರು.

ಡಾಕ್ಟರರು ಕೋಲು ಇಳಿಸಿ ಕ್ಯಾನಿನಲ್ಲಿ ಉಳಿದ ನೈಟ್ರೋಜನ್ ಅಳೆದರು. "ಇನ್ನೊಂದಕ್ಕ ಆಗತೈತಿ. ಆದರ ಇದ ಕಡೀದು" ಎಂದರು. ನಾನು ಎರಡನೆಯ ಕ್ಯಾಮನ್ನು ಒರೆಸಿದೆ. ಮತ್ತೆ ಹೊಗೆಯಲ್ಲಿ ತೂಗು, ಮತ್ತೆ ಬೆರಳು ಬೆರಳು ಇಳಿಸು. ಈ ಸಲ ಅಕ್ಕ ತಿರುಗಾಡಲಿಲ್ಲ. ಅಂಗಳದ ಆಚೆ ಗೋಡೆಗೆ ಒರಗಿ ನಿಂತಿದ್ದರು. ಕ್ಯಾಮು ಮುಳುಗಿ, ದಿನ ಕಳೆದು, ನೈಟ್ರೋಜನ್ನೆಲ್ಲ ಆರಿಹೋಗಿ, ಹತ್ತಿಯ ನಡುವೆ ತಾನಾಗಿ ಬೆಚ್ಚಗಾಗುವವರೆಗೆ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಕಡೆಗೆ ನಾನು ಅದನ್ನು ಬರಿಗೈಯಲ್ಲಿ ತೆಗೆದು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿದೆ. ಬಿರುಕಿರಲಿಲ್ಲ. "ಚಲೋ ಐತಿ" ಎಂದೆ.

ಅಕ್ಕ ತಂಬಿಗೆ ತುಂಬಿಕೊಂಡು ಬಂದರು. ನಾನು ಕ್ಯಾಮನ್ನು ಎದೆಗೆ ಒತ್ತಿ ಹಿಂದಕ್ಕೆ ಸರಿದೆ. "ಅಂಜಬ್ಯಾಡ್ರಿ ಮಾಸ್ತರ, ಅದಕ್ಕ ಅಲ್ಲ" ಎಂದವರೇ ನನ್ನ ಕಾಲ ಮೇಲೆ ಸುರಿದರು, ಡಾಕ್ಟರರ ಬೂಟಿನ ಮೇಲೂ ಸುರಿದರು. ಇಸ್ತ್ರಿ ಹಾಕಿದ ಪ್ಯಾಂಟು ಮೊಣಕಾಲವರೆಗೆ ತೊಯ್ದಿತು.

ಇನ್ನು ಹದ ಕಾಯಿಸುವುದು ಉಳಿದಿತ್ತು. ಹಾಗೆ ಗಟ್ಟಿಯಾದ ಉಕ್ಕನ್ನು ಮತ್ತೆ ಹಿತವಾಗಿ ಬಿಸಿ ಮಾಡಿದರೆ ಅದರ ಸಿಡುಕು ಹೋಗುತ್ತದೆ. ನೂರಾ ಎಪ್ಪತ್ತು ಡಿಗ್ರಿಯ ಸುತ್ತ ಬೇಕು ಎಂದೆ. ಒಲೆ ಎಲ್ಲಿ? ಅಕ್ಕನ ದೊಡ್ಡ ಬಾಣಲೆ, ಅದರಲ್ಲಿ ಶೇಂಗಾ ಎಣ್ಣೆ. ನಾನು ಗಾಜಿನ ಥರ್ಮಾಮೀಟರು ಹಿಡಿದು ಕೂತೆ, ಅಕ್ಕ ಉರಿ ನೋಡಿಕೊಂಡರು. ಮಿರ್ಚಿ ಕರಿಯುವ ಎಣ್ಣೆಯ ಹದವೇ ಅದು. ಕ್ಯಾಮು ಎಣ್ಣೆಯಲ್ಲಿ ಬಹಳ ಹೊತ್ತು ಬೆಂದಿತು.

"ಯಕ್ಕಾ, ಅದರ ಜೋಡಿ ಎರಡ ಮಿರ್ಚಿನೂ ಬಿಡ, ಹೊಟ್ಟಿ ಹಸದೈತಿ" ಎಂದರು ಡಾಕ್ಟರರು.

"ಮಾಸ್ತರು ನನ್ನನ್ನ ಎಣ್ಯಾಗ ಕರದಬಿಡತಾರ" ಎಂದರು ಅಕ್ಕ. ನಾನು ಮಿರ್ಚಿ ಬಿಡಗೊಡಲಿಲ್ಲ. ಕ್ಯಾಮು ತೆಗೆದ ಮೇಲೆ ಬೇರೆ ಎಣ್ಣೆಯಲ್ಲಿ ಕರಿದ ಮಿರ್ಚಿ, ಮೇಲೆ ಮಂಡಕ್ಕಿ... ಅಂಥ ಮಿರ್ಚಿ ಆಮೇಲೆ ನಾನು ಎಲ್ಲೂ ತಿಂದಿಲ್ಲ.

ಸಂತೆಯ ದಿನ ಮೈದುನರು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಓಣಿಯ ತುಂಬ ಮೆಣಸಿನಕಾಯಿ ಚೀಲಗಳು. ಡಾಕ್ಟರರು ಹ್ಯಾಂಡಲ್ ತಿರುಗಿಸಿದರು, ನಾನು ವಾಲ್ವು ಬಿಟ್ಟೆ. ಒಮ್ಮೆ ಬುಸ್ಸೆಂದಿತು. ಇನ್ನೊಮ್ಮೆ ಬುಸ್ಸೆಂದಿತು. ಆಮೇಲೆ ಢಬ್ ಎಂದು ಒಂದು ಹೊಡೆತ, ಇನ್ನೊಂದು, ಮತ್ತೆ ಒಂದೇ ಸಮ. ನೆಲ ನಡುಗಿತು, ಬೆಲ್ಟು ಓಡಿತು, ಖಾರದ ಮಶೀನು ಎದ್ದಿತು. "ಹಾಕ್ರೇ ಯವ್ವಾ, ಹಾಕ್ರಿ ಚೀಲಾ!" ಎಂದು ಅಕ್ಕ ಕೂಗಿದ ಕೂಗು ಎಂಜಿನ್ನಿನ ಸದ್ದನ್ನೂ ಮೀರಿತ್ತು. ಈ ಕೆಲಸಕ್ಕಾಗಿ ನಾನು ಆ ವಾರವೆಲ್ಲ ರಜೆ ಹಾಕಿದ್ದೆ. ನನ್ನ ಪಾಲಿಗೆ ಅದು ದೊಡ್ಡ ಮಾತು.

ಸುಗ್ಗಿಯ ನಡುವೆ ಒಂದು ದಿನ, ಮಧ್ಯಾಹ್ನ, ಎಂಜಿನು ನಿಂತಿತು. ಅದೂ ಮೈದುನರು ಅಲ್ಲೇ ಉಣ್ಣುತ್ತ ಕೂತಿದ್ದಾಗ. ಚೀಲ ಹಿಡಿದು ನಿಂತ ಹೆಂಗಸರೆಲ್ಲ ಅಕ್ಕನ ಕಡೆ ತಿರುಗಿದರು. ಅಂದು ಭಾನುವಾರ, ನಾನು ಮನೆಯಲ್ಲಿದ್ದೆ. ಸ್ಪ್ಯಾನರ್ ಹಿಡಿದು ಓಡಿದೆ. ಪಕ್ಕದ ಮುಚ್ಚಳ ಬಿಚ್ಚಿ ಕ್ಯಾಮಿನ ಮೇಲೆ ಬೆರಳಾಡಿಸಿದೆ. ಉಬ್ಬು ಹಾಗೇ ಇತ್ತು. ಆಮೇಲೆ ಟಾಕಿಯೊಳಗೆ ಇಣುಕಿದೆ. ಡೀಸೆಲ್ ಮುಗಿದಿತ್ತು. ಗಿರಾಕಿಗಳ ಗದ್ದಲದಲ್ಲಿ ಅಕ್ಕ ಹಾಕುವುದನ್ನೇ ಮರೆತಿದ್ದರು.

ಮೈದುನರು ಕೈ ತೊಳೆದು ಬಂದರು. "ನಿಂತತಲ್ಲ ವೈನಿ! ಮಾತು ಮಾತ."

"ಎಲ್ಲಿ ನಿಂತೈತೋ? ಹಸದೈತಿ!" ಎಂದರು ಅಕ್ಕ. "ನೀ ಈಗ ನಾಕ ರೊಟ್ಟಿ ತಿಂದೀಯಲ್ಲ, ಅದಕ್ಕ ಬ್ಯಾಡೇನು?"

ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಮೈದುನರ ಮುಖ ಕೆಂಪಾಯಿತು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಖಾಲಿ ಕ್ಯಾನು ಎತ್ತಿಕೊಂಡು, ಧೋತರ ಎತ್ತಿ ಕಟ್ಟಿ, ತಾವೇ ಪೆಟ್ರೋಲ್ ಪಂಪಿನ ಕಡೆಗೆ ನಡೆದರು. ಗಿರಣಿ ಮುಚ್ಚುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಸುಗ್ಗಿ ಮುಗಿದ ಮೇಲೆ ಕ್ಯಾಮು ಬಿಚ್ಚಿ ಮೈಕ್ರೋಮೀಟರಿನಲ್ಲಿ ಅಳೆದೆ. ಸವೆತ ಇಲ್ಲವೆನ್ನುವಷ್ಟೇ ಕಡಿಮೆ. ಹೇಳಲು ತಿರುಗಿದರೆ, ಅಕ್ಕ ಆಗಲೇ ನನ್ನ ಕೈಯಿಂದ ಅದನ್ನು ಕಸಿದುಕೊಂಡು ಸೆರಗಿನಲ್ಲಿ ಒರೆಸಿ, ಓಣಿಯ ಮನೆಮನೆಗೂ ತೋರಿಸಲು ಹೊರಟಿದ್ದರು. ಅದೇ ಕ್ಯಾಮನ್ನು ಮತ್ತೆ ಹಾಕಿದೆವು. ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ... ನಾನು ನಿವೃತ್ತನಾಗಿ ಬೆಟಗೇರಿಗೆ ಬಂದೆ. ಡಾಕ್ಟರರು ತೀರಿಕೊಂಡರು. ಅಕ್ಕ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಮೇಲೆ ಆ ಓಣಿಗೆ ಹೋಗಲು ನನ್ನ ಕಾಲು ಏಳಲಿಲ್ಲ.

ಸೋಮವಾರ ವರ್ಕ್‌ಶಾಪಿನಿಂದ ಹೊರಬಿದ್ದವನು ನೆಟ್ಟಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಹೊಸ ಯಂತ್ರದ ಸುದ್ದಿ ಯಾರಿಗಾದರೂ ಹೇಳಲೇಬೇಕಿತ್ತು, ಹೇಳಬೇಕಾದವರು ಅಲ್ಲಿಯವರಾಗಿದ್ದರು.

ಗಿರಣಿಯ ಬಾಗಿಲು ತೆರೆದಿತ್ತು. ಒಳಗೆ ಅಕ್ಕನ ಮೈದುನರು, ಬೆನ್ನು ಬಾಗಿದ ಮುದುಕರು, ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದರು. ಕಲ್ಲು, ಖಾರದ ಮಶೀನು ಎರಡೂ ಇಲ್ಲ. ಜನ ಈಗ ಪಾಕೀಟಿನ ಖಾರಪುಡಿ ಕೊಳ್ಳುತ್ತಾರೆ.

"ಬರ್ರಿ ಮಾಸ್ತರ" ಎಂದರು, ನಿನ್ನೆಯಷ್ಟೇ ಕಂಡವರ ಹಾಗೆ. "ಇವತ್ತ ಅಮಾಸಿ. ಅಮಾಸಿಗೊಮ್ಮೆ ಬಂದು ಓಡಸ್ತೀನ್ರಿ. ಇಲ್ಲಾಂದ್ರ ವೈನಿ ಬೈದಾಳು. ಒಬ್ಬಾಂವಗ ಹ್ಯಾಂಡಲ್ ಹೊಡಿಯಾಕ ಆಗವಲ್ದು, ಹಿಡೀರಿ."

ಇಬ್ಬರೂ ಸೇರಿ ಹ್ಯಾಂಡಲ್ ತಿರುಗಿಸಿದೆವು. ಒಂದು ಸಲ, ಇನ್ನೊಂದು ಸಲ. ದಮ್ಮು ಹತ್ತಿ ನಿಂತೆವು, ಮತ್ತೆ ತಿರುಗಿಸಿದೆವು. ಢಬ್ ಎಂದಿತು! ನೆಲ ನಡುಗಿತು. ಮೈದುನರು ನನ್ನ ಭುಜ ಹಿಡಿದು ಚಿಕ್ಕವರ ಹಾಗೆ ನಕ್ಕರು, ನಾನೂ ನಕ್ಕೆ. ವಾಲ್ವಿನ ಬಡಿತಕ್ಕೆ ಕಿವಿಗೊಟ್ಟೆ. ಸ್ವಚ್ಛವಾಗಿ, ಪೂರ್ತಿಯಾಗಿ ತೆರೆದು ಮುಚ್ಚುತ್ತಿತ್ತು. ಬೆಲ್ಟಿಲ್ಲದ ಚಕ್ರ ಸುಮ್ಮನೆ ತಿರುಗುತ್ತಿತ್ತು. ಆ ಸದ್ದನ್ನು ಮೀರಿ ಕೂಗುವವರು ಯಾರೂ ಇರಲಿಲ್ಲ. ನಮ್ಮಿಬ್ಬರ ನಗುವೂ ನಿಧಾನಕ್ಕೆ ನಿಂತಿತು.

ಆಮೇಲೆ ಡೀಸೆಲ್ಲಿನ ನಳ ತಿರುವಿ ಎಂಜಿನು ನಿಲ್ಲಿಸಿದೆ. ಎಣ್ಣೆ ಸೋರಿದ ಕಡೆ ಒರೆಸಿದೆ, ಬಿಸಿ ಇಳಿಯುವವರೆಗೆ ಕಾದು ಗೋಣಿತಟ್ಟು ಹೊದಿಸಿದೆ, ಹ್ಯಾಂಡಲನ್ನು ಗೂಟಕ್ಕೆ ನೇತುಹಾಕಿದೆ. ಮೈದುನರು ಹೊರಗೆ ಬಂದು ಬಾಗಿಲಿಗೆ ಕೀಲಿ ಹಾಕಿದರು. ನಾನು ಒಮ್ಮೆ ಜಗ್ಗಿ ನೋಡಿದೆ. ಕೀಲಿ ಸರಿಯಾಗಿ ಬಿದ್ದಿತ್ತು.